ಸಹಿ ಹಾಕಿದ ಬ್ಯಾಟು, ಚೀಟಿ ದುಡ್ಡು

ಮೊನ್ನೆ ನಮ್ಮ ನಾದಿನಿ ಫೋನ್ ಮಾಡಿ, "ಅತ್ಗೆ, ಅನಿಲ್ ಕುಂಬ್ಳೆ ಸಹಿ ಹಾಕಿರೋ ಬಾಲು ಸಿಗ್ತೈತೆ. ಎಂಟು ಸಾವ್ರ. ಇವ್ರ ಐವತ್ತನೇ ಹುಟ್ಟುಹಬ್ಬಕ್ಕೆ ತಗಳನಾ ಅಂತ" ಅಂದ್ಲು. ಚೀಟಿ ಎತ್ತಿದ ದುಡ್ಡು ಕೈಲೈತೆ ಅವ್ಳಿಗೆ. ಬ್ಯಾಡ ಕಣೆ, ತಡಿ ಅಂದೆ. ಹೊಟ್ಟೆಕಿಚ್ಚು ಅನ್ಕೊಂಡ್ಲೋ ಏನೋ. ಅದಕ್ಕೇ ನನ್ನ ಕತೆ ಇಲ್ಲಿ ಬಿಚ್ಚಿ ಹೇಳ್ತಿದೀನಿ. (ಅವಳ ಗಂಡ ಇದನ್ನೆಲ್ಲ ಓದಲ್ಲ, ಅದೊಂದು ಧೈರ್ಯ.)

ಹೋದ ವರ್ಷ ನಮ್ಮನೆಯವ್ರಿಗೆ ಅಂತ ದ್ರಾವಿಡ್ ಸಹಿ ಇರೋ ಬ್ಯಾಟು ಫೋನಲ್ಲೇ ನೋಡಿ ತರಿಸಿದ್ದೆ. ಆರೂವರೆ ಸಾವಿರ. ಜೊತೆಗೆ ಮಿಣಮಿಣ ಸ್ಟಿಕ್ಕರ್ ಅಂಟಿಸಿದ ಸರ್ಟಿಫಿಕೇಟು. ಹಾಲಲ್ಲಿ ನೇತಾಕಿ, ಉಪ್ಪಾರಹಳ್ಳಿಯಲ್ಲಿ ನಮ್ಮನೆಗೆ ಬಂದೋರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಈ ಯುಗಾದಿಗೆ ಧೂಳು ಹೊಡೀವಾಗ ಮಾವನೋರು ಪಂಚಾಂಗ ಓದೋ ಭೂತಗನ್ನಡಿ ಕೈಗೆ ಸಿಕ್ತು. ಸುಮ್ನೆ ಸಹಿ ಮೇಲೆ ಹಿಡಿದೆ. ಗೆರೆ ತುಂಬಾ ಸಣ್ಣಸಣ್ಣ ಚುಕ್ಕಿ, ಪೇಪರಲ್ಲಿ ಬರೋ ಫೋಟೋ ಹಂಗೆ! ಪೆನ್ನಲ್ಲಿ ಬರೆದಿದ್ರೆ ಶಾಯಿ ಮರದ ಎಳೆ ಹಿಡಿದು ಒಂಚೂರು ಹರಡಬೇಕು, ಗೆರೆ ಮೇಲೆ ಗೆರೆ ಹೋದ ಕಡೆ ಕಪ್ಪಾಗಬೇಕು. ಇದು ಅಚ್ಚು ಹಾಕಿದ್ದು.

ನಂಗೆ ಸಿಟ್ಟು ಬಂದಿದ್ದು ನನ್ನ ಮೇಲೇ. ಒಂದು ಜೊತೆ ಓಲೆ ತಗೊಳ್ಳೋಕೆ ಹೋದ್ರೆ ಹಾಲ್‌ಮಾರ್ಕ್ ನೋಡ್ತೀವಿ, ಆರಕ್ಷರದ ಎಚ್‌ಯುಐಡಿ ನಂಬರನ್ನ ಬಿಐಎಸ್ ಕೇರ್ ಆ್ಯಪಲ್ಲಿ ಹಾಕಿ ಖಾತ್ರಿ ಮಾಡ್ಕೋತೀವಿ. ಅಲ್ಲಿ ಗುರುತಿನ ಹಿಂದೆ ಸರ್ಕಾರ ಐತೆ. ಈ ಸಹಿ ಸರ್ಟಿಫಿಕೇಟಿನ ಹಿಂದೆ ಯಾರವ್ರೆ? ಮಾರೋನೇ ಬರೆದ, ಮಾರೋನೇ ಅಂಟಿಸಿದ. ಅಮೆರಿಕದಲ್ಲಿ 1990ರ ದಶಕದ ಕೊನೇಲಿ ಎಫ್‌ಬಿಐನೋರು 'ಆಪರೇಷನ್ ಬುಲ್‌ಪೆನ್' ಅಂತ ನಡೆಸಿ ಕಳ್ಳಸಹಿ ಜಾಲ ಹಿಡಿದಾಗ, ಸುಳ್ಳು ಸಹಿ ಜೊತೆಗೆ ಸುಳ್ಳು ಸರ್ಟಿಫಿಕೇಟೂ ಸಿಕ್ವು. ಮದರ್ ತೆರೇಸಾ ಸಹಿ ಹಾಕಿದ ಬೇಸ್‌ಬಾಲ್ ಕೂಡ ಇತ್ತಂತೆ. ಆಯಮ್ಮ ಎಲ್ಲಿ, ಬೇಸ್‌ಬಾಲ್ ಎಲ್ಲಿ!

ನಾದಿನಿ ಕಳಿಸಿದ ಫೋಟೋಗಳ್ನ ಇಬ್ರೂ ಕೂತು ದೊಡ್ಡದು ಮಾಡಿ ನೋಡಿದ್ವಿ. ಒಂದೇ ಅಂಗಡಿಯ ಮೂರು ಬಾಲು, ಮೂರರಲ್ಲೂ ಸಹಿ ಒಂಚೂರೂ ವ್ಯತ್ಯಾಸ ಇಲ್ಲ. ನಾವು ದಿನಾ ಹಾಕೋ ಅದೇ ರಂಗೋಲಿನೇ ಒಂದಿನ ಇದ್ದಂಗೆ ಇನ್ನೊಂದಿನ ಇರಲ್ಲ, ಸಹಿ ಹೆಂಗಿರುತ್ತೆ? ರಬ್ಬರ್ ಸ್ಟಾಂಪೋ, ಮಿಷನ್ನೋ ಇರಬೇಕು. ಮೇಲಾಗಿ ಅದು 1999ರ ಫೆಬ್ರವರಿ 7ರಂದು ದಿಲ್ಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದ ಬಾಲೇ ಅಂತೆ. ಅವತ್ತು ಕುಂಬ್ಳೆ ಒಬ್ರೇ 26.3 ಓವರ್ ಹಾಕಿ, 74 ರನ್ ಕೊಟ್ಟು 10 ವಿಕೆಟ್ ತಗೊಂಡಿದ್ದು. ನಮ್ಮನೆಯವ್ರು ಬಾಯಿಪಾಠ ಹೇಳ್ತಾರೆ. ಅಷ್ಟು ಏಟು ತಿಂದ ಬಾಲು ಮದುವಣಗಿತ್ತಿ ಕೆನ್ನೆ ಹಂಗೆ ಮಿಂಚ್ತಾ ಕೂತೈತೆ. ಅಂಥ ಬಾಲು ಮೂರ್ಮೂರು ಬ್ಯಾರೆ. ಎಂಟು ಸಾವ್ರಕ್ಕೆ!

ನನ್ನ ಕೇಳಿದ್ರೆ, ಸಹಿ ಹಾಕೋದನ್ನ ಕಣ್ಣಾರೆ ಕಂಡೋರು ಕೊಟ್ರೆ ತಗೊಳ್ಳಿ. ಇಲ್ಲಾ, ಆಟಗಾರರೇ ಕೈಯಾರೆ ಕೊಟ್ಟು ಹರಾಜು ಹಾಕಿಸಿದ್ದಾದ್ರೆ ನೋಡಬಹುದು. ಎಲ್ಲಿ ಹಾಕಿದ್ರು, ಯಾವಾಗ, ಯಾರ ಎದುರಿಗೆ, ಫೋಟೋ ಐತಾ? ಈ ನಾಕು ಮಾತಿಗೆ ಉತ್ತರ ಇಲ್ದಿದ್ರೆ ದುಡ್ಡು ಬಿಚ್ಚಬ್ಯಾಡಿ. "ಇವತ್ತೇ ಫೋನ್‌ಪೇ ಮಾಡಿ ಮೇಡಂ, ನಾಳೆ ಇರಲ್ಲ" ಅಂದ್ರಂತೂ ಫೋನ್ ಇಟ್ಬಿಡಿ.

ನಾದಿನಿ ಆ ನಾಕೂ ಕೇಳಿ ಮೆಸೇಜ್ ಹಾಕವ್ಳೆ. ಮೂರು ದಿನ ಆಯ್ತು, ಆ ಕಡೆಯಿಂದ ಸದ್ದಿಲ್ಲ.

ನಮ್ಮನೆಯವ್ರಿಗೆ ಹೇಳೋಕೆ ನಂಗೆ ವಾರ ಹಿಡೀತು. ಕೇಳಿಸ್ಕೊಂಡು ಏನೂ ಅನ್ನಲಿಲ್ಲ, ಸುಮ್ನೆ ಮೊಳೆಯಿಂದ ಬ್ಯಾಟ್ ಇಳಿಸಿದ್ರು. ಈಗ ಸಂಜೆ ಹೊತ್ತು ಬೀದಿ ಹುಡುಗ್ರು ಅದ್ರಲ್ಲೇ ಆಡ್ತಾವೆ. ಹಾಲಿನ ಗೋಡೆ ಮೇಲೆ ಮೊಳೆ ಹಂಗೇ ಐತೆ.