ಕೋಚ್ ಹತ್ತಿರ ನೀನೇ ಹೋಗಿ ಕೇಳು

ಪೊನ್ನಂಪೇಟೆಯಲ್ಲಿ ಮಕ್ಕಳ ಹಾಕಿ ಪಂದ್ಯ ನಡೆಯುವಾಗ ಗೆರೆಯ ಹೊರಗೆ ಹತ್ತು ನಿಮಿಷ ನಿಂತು ನೋಡಿ. ಎರಡು ತಂಡಕ್ಕೆ ಇಬ್ಬರು ಕೋಚ್ ಅಂತ ಕಾಗದದಲ್ಲಿರುತ್ತೆ. ಗೆರೆಯ ಹೊರಗೆ ಇನ್ನೂ ನಲವತ್ತು ಜನ ಇರ್ತಾರೆ. "ಪಾಸ್ ಕೊಡೋ!" "ಅವನನ್ನ ಯಾಕೆ ಹೊರಗೆ ಕರೆದ್ರು?" "ಈ ಕೋಚ್‌ಗೆ ಏನು ಗೊತ್ತು ಮಾರಾಯ!" ಆಟ ಮುಗಿದದ್ದೇ ತಡ, ಅಪ್ಪ ಕೋಚ್ ಹತ್ತಿರ ಹೋಗ್ತಾರೆ, ಮಾವ ಸಂಘಟಕರ ಹತ್ತಿರ ಹೋಗ್ತಾರೆ, ಮಿಕ್ಕಿದ್ದು ರಾತ್ರಿ ವಾಟ್ಸಾಪ್‌ನಲ್ಲಿ. ಇಷ್ಟು ಗಲಾಟೆಯಲ್ಲಿ ಒಂದೇ ಒಂದು ಮಾತೂ ಆಡದವನು ಬೆಂಚಿನಲ್ಲಿ ಕೂತಿದ್ದ ಆ ಹುಡುಗ. ಅವನು ಶಿನ್‌ಗಾರ್ಡ್ ಬಿಚ್ಚಿ, ಸ್ಟಿಕ್ ಚೀಲಕ್ಕೆ ತುರುಕಿ, ತಲೆ ತಗ್ಗಿಸಿಕೊಂಡು ಜೀಪ್ ಹತ್ತುತ್ತಾನೆ.

ನನ್ನ ತಕರಾರು ಇದೇ. ಜಗಳ ಅವನದು. ಅದನ್ನು ದೊಡ್ಡವರು ಅವನ ಕೈಯಿಂದ ಕಿತ್ತುಕೊಂಡಿದ್ದಾರೆ. ಕಿತ್ತುಕೊಂಡು ಆಮೇಲೆ "ಈಗಿನ ಮಕ್ಕಳಿಗೆ ಜವಾಬ್ದಾರಿಯೇ ಇಲ್ಲ" ಅಂತ ಕಾಫಿ ಕುಡೀತಾ ಗೊಣಗುತ್ತಾರೆ.

ನಮ್ಮ ಕಡೆ ಇದು ಸ್ವಲ್ಪ ಜಾಸ್ತಿಯೇ. ಕಾರಣವೂ ಇದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದಾಗ ಆಡಿದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ಗೆ 360 ತಂಡ, ಗಿನ್ನಿಸ್ ದಾಖಲೆ. ಹೆಮ್ಮೆ ನನಗೂ ಇದೆ. ಆದರೆ ಕುಟುಂಬ ಹಾಕಿಯಲ್ಲಿ ಕೋಚ್ ಅಂದರೆ ಬೇರೆ ಯಾರೂ ಅಲ್ಲ, ನಮ್ಮವರೇ ಯಾರೋ ಒಬ್ಬರು. ಅಜ್ಜನೂ ಆಡಬಹುದು, ಮೊಮ್ಮಗಳೂ ಆಡಬಹುದು. ಯಾರನ್ನು ಕೂರಿಸಬೇಕು ಅನ್ನೋದು ಮನೆಮಾತು, ಮುನಿಸು ಬಂದರೆ ಐನ್‌ಮನೆಯಲ್ಲಿ ಮುಗಿಸಿಕೊಳ್ಳಬಹುದು. ಎಲ್ಲರೂ ಒಮ್ಮೆಯಾದರೂ ಸ್ಟಿಕ್ ಹಿಡಿದವರು, ಹಾಗಾಗಿ ಎಲ್ಲರಿಗೂ ಎಲ್ಲ ಗೊತ್ತು. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ ಅವರಂಥವರನ್ನು ಕೊಟ್ಟ ಜಿಲ್ಲೆ ಬೇರೆ!

ಶಾಲೆಯ ತಂಡ, ಹಾಸ್ಟೆಲ್ ತಂಡ ಐನ್‌ಮನೆ ಅಲ್ಲ. ಅಲ್ಲಿ ತೋಟದ ಲೈನ್‌ಮನೆಯಿಂದ ಬಂದ ಹುಡುಗ ಇದ್ದಾನೆ, ಹಾಡಿಯಿಂದ ಬಂದ ಹುಡುಗಿ ಇದ್ದಾಳೆ, ಬೇರೆ ಜಿಲ್ಲೆಯಿಂದ ಟ್ರಂಕ್ ಹೊತ್ತು ಬಂದವರೂ ಇದ್ದಾರೆ. ಅವರ ಅಪ್ಪನಿಗೆ ಕೂಲಿ ಬಿಟ್ಟು ಪಂದ್ಯ ನೋಡೋಕೆ ಬರಲಿಕ್ಕಾಗಲ್ಲ. ಜೋರು ದನಿಯ ಒಬ್ಬ ಅಪ್ಪನಿಗೆ ಕೋಚ್ ಒಂದು ಸಲ ಬಗ್ಗಿದರು ಅನ್ನಿ. ಆಗ ಬೆಂಚಿಗೆ ಹೋಗೋದು ಯಾರು? ಗೆರೆಯ ಹೊರಗೆ ಯಾರೂ ಇಲ್ಲದವನು. ಕೇಳೋಕೆ ಯಾರಿದ್ದಾರೆ ಅವನಿಗೆ! "ನನ್ನ ಮಗನಿಗೆ ಅನ್ಯಾಯ" ಅಂತ ಕೂಗುವ ಮೊದಲು ಇದನ್ನು ಒಮ್ಮೆ ಲೆಕ್ಕ ಹಾಕಿ ನೋಡಿ ಸ್ವಾಮಿ.

ಹಾಕಿಯ ನಿಯಮ ಪುಸ್ತಕ ಈ ವಿಷಯದಲ್ಲಿ ಬಹಳ ಸ್ಪಷ್ಟ. ತಂಡದ ಆಟಗಾರರ ನಡತೆಗೆ ಹೊಣೆ ನಾಯಕ. ಹದಿಮೂರು ವರ್ಷದವನಾದರೂ ಅವನೇ. ಹಸಿರು ಕಾರ್ಡ್ ಸಿಕ್ಕರೆ 2 ನಿಮಿಷ ಹೊರಗೆ, ಹಳದಿಗೆ ಕನಿಷ್ಠ 5 ನಿಮಿಷ, ಅಷ್ಟು ಹೊತ್ತು ತಂಡ ಒಬ್ಬ ಕಮ್ಮಿ ಇಟ್ಟುಕೊಂಡೇ ಆಡಬೇಕು. ಬದಲಿಗೆ ಅಪ್ಪನನ್ನು ಕಳಿಸಿ ಅಂತ ಎಲ್ಲೂ ಬರೆದಿಲ್ಲ.

ಎದುರಿಗೆ ಹೇಳದೆ ಬೇರೆಯವರ ಮೂಲಕ ಹೇಳಿಸೋದು ಮಕ್ಕಳ ಮಟ್ಟದಲ್ಲೇ ಅಭ್ಯಾಸವಾದರೆ ದೊಡ್ಡವರಾದ ಮೇಲೂ ಹೋಗಲ್ಲ. 2017ರ ಜೂನ್ ನೆನಪಿದೆಯಾ? ಅನಿಲ್ ಕುಂಬ್ಳೆ ಕೋಚ್ ಹುದ್ದೆ ಬಿಟ್ಟಾಗ ಬರೆದ ಪತ್ರದಲ್ಲಿ, ತಮ್ಮ ಕೆಲಸದ ರೀತಿಯ ಬಗ್ಗೆ ನಾಯಕನಿಗೆ ತಕರಾರಿದೆ ಅನ್ನೋದು ತಮಗೆ ಮೊದಲ ಸಲ ಗೊತ್ತಾದದ್ದೇ ಕ್ರಿಕೆಟ್ ಮಂಡಳಿಯಿಂದ ಅಂತ ಹೇಳಿದ್ದರು. ತಂಡಕ್ಕೆ ಕನ್ನಡಿ ಹಿಡಿಯೋದು ಕೋಚ್ ಕೆಲಸ ಅಂತಲೂ ಬರೆದಿದ್ದರು. ಯಾರು ಸರಿ ಯಾರು ತಪ್ಪು ಅನ್ನೋ ಪಂಚಾಯ್ತಿಗೆ ನಾನು ಹೋಗಲ್ಲ. ಒಂದೇ ಡ್ರೆಸ್ಸಿಂಗ್ ರೂಮಿನ ಮಾತು ಮಂಡಳಿ ಸುತ್ತಿ ಬರಬೇಕಾಯ್ತಲ್ಲ, ಅದು ನನಗೆ ಸೋಜಿಗ.

ಹಾಗಂತ ಕೋಚ್ ಹೇಳಿದ್ದಕ್ಕೆಲ್ಲ ತಲೆಯಾಡಿಸು ಅಂತ ನಾನು ಹೇಳ್ತಿಲ್ಲ. ಅದರ ಬೆಲೆ ಏನು ಅಂತ ನಮ್ಮ ರಾಜ್ಯದ ಅಶ್ವಿನಿ ಅಕ್ಕುಂಜಿ ಕಥೆಯಲ್ಲಿದೆ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಹುಡುಗಿ 2011ರಲ್ಲಿ ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದಳು, ಜೊತೆಗೆ ಇನ್ನೂ ಕೆಲವರು. ಕೋಚ್ ಕೊಟ್ಟ ಜಿನ್ಸೆಂಗ್‌ನಿಂದ ಹೀಗಾಯ್ತು ಅಂದರು. ಕೋಚ್ ಕೆಲಸ ಹೋಯ್ತು, ನಿಜ. ಆದರೂ ಮೊದಲು ಒಂದು ವರ್ಷವಿದ್ದ ನಿಷೇಧವನ್ನು 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಎರಡು ವರ್ಷ ಮಾಡಿತು. ದೇಹದೊಳಗೆ ಏನು ಹೋದರೂ ಹೊಣೆ ಆಟಗಾರನದೇ ಅನ್ನೋದು ಡೋಪಿಂಗ್ ಕಾನೂನು. "ಸರ್, ಇದೇನು? ಯಾಕೆ?" ಅಂತ ಕೇಳೋ ಬಾಯಿ ಹನ್ನೆರಡನೇ ವಯಸ್ಸಿಗೇ ಬರಬೇಕು. ಅಪ್ಪನೇ ಎಲ್ಲ ಕೇಳಿಬಿಟ್ಟರೆ ಎಲ್ಲಿಂದ ಬರುತ್ತೆ?

ಇನ್ನೊಂದು ವಿಚಿತ್ರ. ಮಗನನ್ನು ಬೆಂಚಿಗೆ ಕೂರಿಸಿದರೆ ಹಾರಾಡುವ ಅದೇ ಅಪ್ಪ, ಕೋಚ್ ಸ್ಟಿಕ್‌ನಲ್ಲಿ ಕಾಲಿಗೆ ಬಾರಿಸಿದರೆ "ಎರಡು ಬಿದ್ದರೆ ಬುದ್ಧಿ ಬರುತ್ತೆ ಬಿಡಿ" ಅಂತಾರೆ. ಈ ಕಿವಿಯಾರೆ ಕೇಳಿದ್ದೇನೆ. ಅಂದರೆ ಬಾಯಿ ಮುಚ್ಚಬೇಕಾದಲ್ಲಿ ಕೂಗಾಟ, ಕೂಗಬೇಕಾದಲ್ಲಿ ಮೌನ! ಹೊಡೆತ, ಮೈಮುಟ್ಟುವ ಕೊಳಕುತನ, ಜಾತಿ ಎತ್ತಿ ಬೈಯೋದು, ಇವು ಮಗು ತಾನೇ ಹೋಗಿ ಬಗೆಹರಿಸಿಕೊಳ್ಳುವ ವಿಷಯ ಅಲ್ಲವೇ ಅಲ್ಲ. ಅಲ್ಲಿ ಹೊಣೆ ಪೂರ್ತಿ ದೊಡ್ಡವರದು. 2010ರಲ್ಲಿ ಭಾರತ ಮಹಿಳಾ ಹಾಕಿ ತಂಡದಲ್ಲಿ ಕೋಚ್ ಮೇಲೆ ಲೈಂಗಿಕ ಕಿರುಕುಳದ ದೂರು ಬಂದು ಅವರು ರಾಜೀನಾಮೆ ಕೊಡಬೇಕಾಯ್ತು. ದೇಶಕ್ಕೆ ಆಡುವ ಹೆಣ್ಣುಮಕ್ಕಳಿಗೇ ಬಾಯಿ ಬಿಡೋದು ಸುಲಭ ಇರಲಿಲ್ಲ ಅಂದಮೇಲೆ ಎಂಟನೇ ಕ್ಲಾಸಿನ ಹುಡುಗಿ ಏನು ಹೇಳ್ತಾಳೆ? ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ತಿಳಿಸದೆ ಸುಮ್ಮನಿದ್ದರೆ ಅದೇ ಅಪರಾಧ, 2012ರ ಪೋಕ್ಸೊ ಕಾಯ್ದೆ ಹಾಗೇ ಹೇಳುತ್ತೆ. ಮಕ್ಕಳ ಸಹಾಯವಾಣಿ 1098. ಹಾರಾಡುವ ಆಸೆ ಇದ್ದರೆ ಇಲ್ಲಿ ಹಾರಾಡಿ.

ಮಿಕ್ಕಿದ್ದೆಲ್ಲ, ಅಂದರೆ ಯಾಕೆ ತೆಗೆದ್ರು, ಯಾಕೆ ಹಾಫ್‌ನಲ್ಲಿ ಆಡಿಸ್ತಾರೆ, ಯಾಕೆ ಪೆನಾಲ್ಟಿ ಕಾರ್ನರ್ ನನಗೆ ಕೊಡಲ್ಲ, ಇದೆಲ್ಲ ಅವನೇ ಕೇಳಲಿ. ಅಭ್ಯಾಸಕ್ಕೆ ತಡವಾಗಿ ಬಂದಿದ್ದರೆ ಅದನ್ನೂ ಅವನೇ ಒಪ್ಪಿಕೊಳ್ಳಲಿ. "ಮೋನೆ, ನೀನೇ ಹೋಗಿ ಕೇಳು" ಅಂತ ಹೇಳೋಕೆ ಅಪ್ಪನಿಗೆ ಎಷ್ಟು ಕಷ್ಟ ಅನ್ನೋದು ಗೊತ್ತು. ಮಗ ಸಪ್ಪೆ ಮುಖ ಹಾಕಿಕೊಂಡು ಹೋಗೋದನ್ನು ನೋಡೋದು ಇನ್ನೂ ಕಷ್ಟ.

ಕೋಚ್‌ಗಳಿಗೂ ಒಂದು ಮಾತಿದೆ. ಹುಡುಗ ಧೈರ್ಯ ಮಾಡಿ ಬಂದು ಕೇಳಿದಾಗ "ನೀನ್ಯಾರೋ ನನ್ನ ಕೇಳೋಕೆ" ಅನ್ನೋ ಕೋಚೇ ಈ ನಲವತ್ತು ಜನರನ್ನು ಗೆರೆಯ ಹತ್ತಿರಕ್ಕೆ ಕರೆಯೋದು. ಕಾರಣ ಹೇಳಿ. "ನಿನ್ನ ಓಟ ಕಮ್ಮಿಯಾಗಿದೆ, ಟ್ಯಾಕಲ್ ಮಾಡಿದ ಮೇಲೆ ವಾಪಸ್ ಬರಲ್ಲ" ಅಂತ ಬಿಡಿಸಿ ಹೇಳಿ, ಏನು ತಿದ್ದಿಕೊಂಡರೆ ತಂಡಕ್ಕೆ ಬರಬಹುದು ಅಂತಲೂ ಹೇಳಿ. ಅಭ್ಯಾಸ ಮುಗಿದ ಮೇಲೆ ಹತ್ತು ನಿಮಿಷ ಇದಕ್ಕೇ ಇಡಿ. ಅಪ್ಪ ಬಂದರೆ "ಮಗನನ್ನು ಕಳಿಸಿ" ಅನ್ನಿ.

ಅಪ್ಪ ಆ ಹತ್ತು ನಿಮಿಷ ಜೀಪಿನಲ್ಲೇ ಕೂತಿರಲಿ. ಮಳೆ ಬಂದರೆ ಗಾಜು ಏರಿಸಿಕೊಳ್ಳಲಿ.