ಜಲಪಾತದ ಹೆಸರನ್ನು ಯಾರು ಉಳಿಸಬೇಕು?

ವೇಲ್ಸ್‌ನ ಜಲಪಾತಗಳ ಬಗ್ಗೆ ಬರೆಯುತ್ತೇನೆ ಎಂದಾಗ ಊರಿನ ಗೆಳೆಯರು, "ಫೋಟೋ ಹಾಕು, ಸಾಕು" ಎಂದರು. ಫೋಟೋ ನನ್ನ ಮೊಬೈಲಿನಲ್ಲಿ ಬೇಕಾದಷ್ಟಿವೆ. ಆದರೆ ನನಗೆ ಹೇಳಬೇಕಾಗಿರುವುದು ಆ ಜಲಪಾತಗಳ ಹೆಸರಿನ ಬಗ್ಗೆ. ಮಂಜೇಶ್ವರ, ಕುಂಬಳೆ, ಕಾಸರಗೋಡಿನ ನಮಗೆ ಅಲ್ಲಿಂದ ಕಲಿಯಲು ಏನಾದರೂ ಇದ್ದರೆ ಅದು ಆ ಹೆಸರುಗಳಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ನಾನು ಕೆಲಸಕ್ಕಿರುವ ಕಾರ್ಡಿಫ್‌ನಿಂದ ಉತ್ತರಕ್ಕೆ ಸುಮಾರು ಒಂದು ಗಂಟೆ ಕಾರಿನಲ್ಲಿ ಹೋದರೆ ಬನ್ನೈ ಬ್ರಖೈನಿಯೋಗ್ ಎಂಬ ರಾಷ್ಟ್ರೀಯ ಉದ್ಯಾನದ ದಕ್ಷಿಣದ ಅಂಚು ಸಿಗುತ್ತದೆ. ಮೆಲ್ಟೆ, ಹೆಪ್ಸ್ತೆ, ಪಿರ್ದಿನ್, ನೆದ್ ವೆಖನ್ ಎಂಬ ಸಣ್ಣ ಸಣ್ಣ ನದಿಗಳು ಅಲ್ಲಿ ಕಾಡಿನ ಕಣಿವೆಗಳಲ್ಲಿ ಇಳಿದು ಬರುತ್ತವೆ. ನಮ್ಮ ಕಡೆಯ ಲೆಕ್ಕದಲ್ಲಿ ಇವನ್ನು ನದಿ ಎನ್ನಬೇಕೋ ದೊಡ್ಡ ತೋಡು ಎನ್ನಬೇಕೋ ಎಂಬಷ್ಟೇ ಅಗಲ. ಆದರೆ ಒಂದರ ಹಿಂದೆ ಒಂದರಂತೆ ಜಲಪಾತ. ಇಡೀ ಪ್ರದೇಶಕ್ಕೇ 'ಜಲಪಾತಗಳ ನಾಡು' ಎಂದು ಹೆಸರು.

ನಾಲ್ಕು ಜಲಪಾತಗಳನ್ನು ಒಂದೇ ಸುತ್ತಿನಲ್ಲಿ ನೋಡುವ ಕಾಲುದಾರಿ ಇದೆ. ಮಕ್ಕಳನ್ನು ಕರೆದುಕೊಂಡು, ನಿಂತು ನಿಂತು ಹೋದರೆ ಅರ್ಧ ದಿನ ಬೇಕು. ಓಕ್ ಮತ್ತು ಆ್ಯಶ್ ಮರಗಳು, ಪಾಚಿ ಹಿಡಿದ ಕಲ್ಲು, ಜರಿಗಿಡ, ಸದಾ ಜಿನುಗುವ ನೀರು. ಜುಲೈ ತಿಂಗಳಲ್ಲಿ ನಮ್ಮ ಗುಡ್ಡೆಗಳಲ್ಲಿ ನಡೆದವರಿಗೆ ಆ ಜಾರಿಕೆ ಹೊಸತಲ್ಲ, ಚಳಿ ಮಾತ್ರ ಹೊಸತು. ಮೊದಲ ಮೂರು ಜಲಪಾತಗಳು ಮೆಲ್ಟೆ ನದಿಯವು. ನಾಲ್ಕನೆಯದು ಹೆಪ್ಸ್ತೆ ನದಿಯದು. ಅದಕ್ಕೆ ನೂರಕ್ಕೂ ಹೆಚ್ಚು ಮೆಟ್ಟಿಲು ಇಳಿಯಬೇಕು. ಅಲ್ಲಿ ಮೇಲೆ ಗಟ್ಟಿ ಮರಳುಗಲ್ಲು, ಕೆಳಗೆ ಮೆದು ಜೇಡಿಗಲ್ಲು. ಕೆಳಗಿನ ಮೆದು ಕಲ್ಲನ್ನು ನೀರು ಕೊರೆದು ಕೊರೆದು ಹಿಂದಕ್ಕೆ ಸರಿಸಿದೆ, ಮೇಲಿನದು ಸೂರಿನಂತೆ ಚಾಚಿ ನಿಂತಿದೆ. ಹಾಗಾಗಿ ಬೀಳುವ ನೀರಿನ ಹಿಂದೆಯೇ ಒಂದು ದಾರಿ. ಹಿಂದಿನ ಕಾಲದಲ್ಲಿ ಕುರಿ ಕಾಯುವವರು ಮಂದೆಯನ್ನು ಆ ದಾರಿಯಲ್ಲೇ ದಾಟಿಸುತ್ತಿದ್ದರಂತೆ. ಈಗ ನಮ್ಮಂಥವರು ಸೆಲ್ಫಿ ತೆಗೆಯುತ್ತಾ ದಾಟುತ್ತೇವೆ.

ಇನ್ನು ಹೆಸರಿಗೆ ಬರೋಣ. ಆ ನಾಲ್ಕನೆಯ ಜಲಪಾತ ಸ್ಗೂಡ್ ಅರ್ ಎಯ್ರ, ಅಂದರೆ ಹಿಮದ ಜಲಪಾತ. ಮೊದಲನೆಯದು ಸ್ಗೂಡ್ ಕ್ಲಿನ್ ಗ್ವಿನ್, ಬಿಳಿ ಹುಲ್ಲುಗಾವಲಿನ ಜಲಪಾತ. ಅದರ ಕೆಳಗಿನದಕ್ಕೆ ಅದೇ ಹೆಸರು, ನಡುವೆ 'ಕೆಳಗಿನ' ಎಂಬ ಒಂದು ಮಾತು ಹೆಚ್ಚು. ನಾವು ಮೇಲಿನಮನೆ, ಕೆಳಗಿನಮನೆ ಅಂದ ಹಾಗೆ. ಮೂರನೆಯದು ಸ್ಗೂಡ್ ಅ ಪನ್ನುರ್. ಪನ್ನುರ್ ಎಂದರೆ ನೇಯ್ದ ಉಣ್ಣೆ ಬಟ್ಟೆಯನ್ನು ನೀರಿನಲ್ಲಿ ತುಳಿದು, ಬಡಿದು ದಪ್ಪಗೊಳಿಸುವ ಕೆಲಸದವನು. ಆ ಕೆಲಸ ಅಲ್ಲಿ ನಿಂತು ಎಷ್ಟು ಕಾಲವಾಯಿತೋ. ಕೆಲಸದವನು ಹೆಸರಿನಲ್ಲಿ ಇನ್ನೂ ಇದ್ದಾನೆ.

'ಸ್ಗೂಡ್' ಎಂಬುದು ಕೂಡ ವೇಲ್ಸ್‌ನ ಈ ಕಡೆಯ ಮಾತು. ಉತ್ತರಕ್ಕೆ ಹೋದರೆ ಜಲಪಾತಕ್ಕೆ 'ರಾಯಡರ್' ಅನ್ನುತ್ತಾರೆ, ಚಿಮ್ಮಿ ಬೀಳುವ ನೀರಿಗೆ 'ಪಿಸ್ಟಿಲ್' ಅನ್ನುತ್ತಾರೆ. ನಮ್ಮಲ್ಲೂ ಹೀಗೇ ತಾನೆ? ತುಳುವಿನವರಿಗೆ ಅರ್ಬಿ, ಕೊಡಗು ಮಲೆನಾಡಿನವರಿಗೆ ಅಬ್ಬಿ. ಜಲಪಾತ ಎಂಬುದು ಶಾಲೆ ಪುಸ್ತಕದ ಮಾತು.

ಈ ಹೆಸರುಗಳು ಹೇಗೆ ಕಳೆದುಹೋಗುತ್ತವೆ ಎಂಬುದಕ್ಕೂ ಅಲ್ಲೇ ಉದಾಹರಣೆ ಇದೆ. ಪಕ್ಕದ ಪಿರ್ದಿನ್ ನದಿಯಲ್ಲಿ ಸ್ಗೂಡ್ ಗ್ವ್ಲಾಡಿಸ್ ಎಂಬ ಚಂದದ ಜಲಪಾತವಿದೆ. ಗ್ವ್ಲಾಡಿಸ್ ಎಂಬವಳು ಆ ನಾಡಿನ ಹಳೆಯ ರಾಜ ಬ್ರಖಾನ್‌ನ ಮಗಳು ಎಂದು ಐತಿಹ್ಯ. ಇಂಗ್ಲಿಷಿನಲ್ಲಿ ಅದು 'ಲೇಡಿ ಫಾಲ್ಸ್' ಆಯಿತು. ಹೆಸರಿದ್ದ ಹೆಣ್ಣುಮಗಳು ಬರೀ 'ಒಬ್ಬ ಹೆಂಗಸು' ಆದಳು. ಇನ್ನೊಂದು, ಉತ್ತರ ವೇಲ್ಸ್‌ನ ಬೆಟುಸ್ ಅ ಕೋಯ್ಡ್ ಊರಿನ ಹತ್ತಿರ, ಲಿಗ್ವಿ ನದಿಯದು. ಅದರ ಹೆಸರು ರಾಯಡರ್ ಎವನ್ನೊಲ್, ಅಂದರೆ ನೊರೆಯ ಜಲಪಾತ. ಆ ಭಾಷೆಯಲ್ಲಿ 'ಅ ವೆನ್ನೊಲ್' ಎಂದರೆ ಕವಲುಬಾಲದ ಒಂದು ಹಕ್ಕಿ. ಎವನ್ನೊಲ್ ಎಂಬುದನ್ನು ಅ ವೆನ್ನೊಲ್ ಎಂದು ಕೇಳಿಸಿಕೊಂಡವರಿಂದ ಅದು 'ಸ್ವಾಲೊ ಫಾಲ್ಸ್' ಆಯಿತು ಎನ್ನುತ್ತಾರೆ. ನೊರೆ ಹೋಗಿ ಹಕ್ಕಿ ಬಂತು.

ನಗಬೇಡಿ. ಮಡಿಕೇರಿಯ ಅಬ್ಬಿಗೆ 'ಅಬ್ಬೆ ಫಾಲ್ಸ್' ಎಂದು ಇಂಗ್ಲಿಷಿನಲ್ಲಿ ಬರೆಯುವಾಗ ಕ್ರೈಸ್ತ ಮಠ ಎಂಬ ಅರ್ಥದ ಪದದ ಸ್ಪೆಲ್ಲಿಂಗನ್ನೇ ಹಾಕುತ್ತಾರೆ. ಅಲ್ಲಿ ಮಠವೂ ಇಲ್ಲ, ಪಾದ್ರಿಯೂ ಇಲ್ಲ. ಅಬ್ಬಿ ಎಂದರೇ ಜಲಪಾತ. ನಾವು 'ಜಲಪಾತ ಫಾಲ್ಸ್' ನೋಡಿ ಬರುತ್ತೇವೆ!

ವೇಲ್ಸ್‌ನವರು ಈಗ ಈ ಗಾಡಿಯನ್ನು ಹಿಂದಕ್ಕೆ ತಿರುಗಿಸುತ್ತಿದ್ದಾರೆ. ನಾನು ಮೇಲೆ ಹೇಳಿದ ಉದ್ಯಾನವನ್ನು ಜಗತ್ತು ಬ್ರೆಕನ್ ಬೀಕನ್ಸ್ ಎಂದು ಕರೆಯುತ್ತಿತ್ತು. 2023ರ ಏಪ್ರಿಲ್‌ನಲ್ಲಿ ಉದ್ಯಾನದ ಆಡಳಿತ ಇನ್ನು ನಾವು ಬನ್ನೈ ಬ್ರಖೈನಿಯೋಗ್ ಎಂದೇ ಬಳಸುತ್ತೇವೆ ಎಂದಿತು. ಬ್ರಖಾನ್ ರಾಜನ ನಾಡಿನ ಶಿಖರಗಳು ಎಂದು ಅದರ ಅರ್ಥ. ಅದಕ್ಕೂ ಮೊದಲು, 2022ರ ನವೆಂಬರ್‌ನಲ್ಲಿ, ಸ್ನೋಡೋನಿಯಾ ಉದ್ಯಾನದವರು ಎರರಿ ಎಂಬ ಹೆಸರನ್ನು ಮುಂದಿಟ್ಟಿದ್ದರು. ಗೊಣಗಿದವರು ಬಹಳ. ನಾಲಿಗೆ ಹೊರಳುವುದಿಲ್ಲ, ಪ್ರವಾಸಿಗರು ಬರುವುದಿಲ್ಲ ಎಂದೆಲ್ಲ ಹೇಳಿದರು. ಈಗಲೂ ರಜಾದಿನ ಆ ಜಲಪಾತಗಳ ಪಾರ್ಕಿಂಗ್‌ನಲ್ಲಿ ಜಾಗ ಸಿಗಬೇಕಾದರೆ ಬೆಳಿಗ್ಗೆ ಬೇಗ ಹೊರಡಬೇಕು.

ಇಲ್ಲಿ ಎರಡು ಸಂಗತಿ ಗಮನಿಸಬೇಕು. ಮೊದಲನೆಯದು, 2021ರ ಜನಗಣತಿ ಪ್ರಕಾರ ವೇಲ್ಸ್‌ನಲ್ಲಿ ವೆಲ್ಶ್ ಬಲ್ಲವರು ಶೇಕಡಾ 17.8 ಮಾತ್ರ. ಜಲಪಾತದ ದಾರಿಯಲ್ಲಿ ನನಗೆ ಸಿಗುವ ಸ್ಥಳೀಯರಲ್ಲಿ ಹೆಚ್ಚಿನವರು ಮಾತಾಡುವುದು ಇಂಗ್ಲಿಷ್. ಆದರೂ ಅವರು ಸ್ಗೂಡ್ ಎನ್ನುತ್ತಾರೆ, ಸರಿಯಾಗಿಯೇ ಎನ್ನುತ್ತಾರೆ. ಅಂದರೆ ಭಾಷೆ ಬಾರದವರೂ ಹೆಸರನ್ನು ಉಳಿಸಬಹುದು. ಎರಡನೆಯದು, ಅವರು ಇಂಗ್ಲಿಷ್ ಹೆಸರುಗಳನ್ನು ಅಳಿಸಲು ಹೊರಟಿಲ್ಲ. ರಸ್ತೆಯ ಫಲಕದಲ್ಲಿ ಕಾರ್ಡಿಫ್ ಇದೆ, ಕೈರ್ದೀದ್ ಇದೆ. ಸ್ವಾನ್ಸಿ ಇದೆ, ಅಬರ್ಟಾವೆ ಇದೆ. ಸ್ವಾನ್ಸಿ ಎಂಬುದು ಸಮುದ್ರ ದಾಟಿ ಬಂದ ನಾರ್ಸ್ ಜನರ ಮಾತಿನಿಂದ ಬಂದದ್ದು. ಅಬರ್ಟಾವೆ ಎಂದರೆ ಟಾವೆ ನದಿಯ ಅಳಿವೆ. ಎರಡೂ ನಿಜವೇ. ಒಂದು ಊರಿಗೆ ಎರಡು ಹೆಸರಿದ್ದರೆ ಅದು ಆ ಊರಿನ ಚರಿತ್ರೆ, ಜಗಳವಲ್ಲ.

ಈಗ ನಮ್ಮೂರಿಗೆ ಬರುತ್ತೇನೆ. 2021ರ ಜೂನ್‌ನಲ್ಲಿ ಕಾಸರಗೋಡಿನ ಊರುಗಳ ಹೆಸರನ್ನು ಮಲಯಾಳಕ್ಕೆ ಬದಲಿಸುತ್ತಾರೆ ಎಂದು ದೊಡ್ಡ ಸುದ್ದಿಯಾಯಿತು. ಮಧೂರು ಮಧುರಂ ಆಗುತ್ತದೆ, ಮಲ್ಲ ಮಲ್ಲಂ ಆಗುತ್ತದೆ, ಕಾರಡ್ಕ ಕಾಡಗಂ ಆಗುತ್ತದೆ, ಪಿಲಿಕುಂಜೆ ಪುಲಿಕುನ್ನು ಆಗುತ್ತದೆ ಎಂದು ಪಟ್ಟಿ ಹರಿದಾಡಿತು. ಕರ್ನಾಟಕದಿಂದ ಪತ್ರಗಳು ಹೋದವು. ಕೇರಳ ಸರಕಾರ ಅಂಥ ಪ್ರಸ್ತಾವವೇ ಇಲ್ಲ ಎಂದಿತು. ಗದ್ದಲ ತಣ್ಣಗಾಯಿತು, ನಾವೂ ಸುಮ್ಮನಾದೆವು.

ಸುಮ್ಮನಾದದ್ದು ಸರಿಯಲ್ಲ ಎಂದು ನನ್ನ ವಾದ. ಹೆಸರು ಹೋಗಲು ಸರಕಾರದ ಆದೇಶ ಬೇಕಾಗಿಲ್ಲ. ಬಸ್ಸಿನ ಬೋರ್ಡು, ಮೊಬೈಲಿನ ಮ್ಯಾಪು, ಮದುವೆ ಕಾಗದ, ಲೇಔಟ್ ಮಾಡುವವರ ಜಾಹೀರಾತು ಇಷ್ಟೇ ಸಾಕು. ಇವುಗಳಲ್ಲಿ ಅರ್ಧ ನಮ್ಮ ಕೈಯಲ್ಲೇ ಇರುವಂಥವು.

ನಾವು ಬ್ಯಾರಿಗಳು ಈ ವಿಷಯದಲ್ಲಿ ಬಾಯಿ ಬಿಡಲು ಹಿಂಜರಿಯುತ್ತೇವೆ. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಕನ್ನಡದವರ ಪರವೋ ಮಲಯಾಳದವರ ಪರವೋ ಎಂದು ಕೇಳಿದರೆ ಏನು ಹೇಳುವುದು? ಆದರೆ ಇದೇ ನಮ್ಮ ಬಲ ಎಂದು ನನಗನಿಸುತ್ತದೆ. ಪಿಲಿ ಎಂದರೂ ಹುಲಿ, ಪುಲಿ ಎಂದರೂ ಹುಲಿ ಎಂದು ಒಂದೇ ಉಸಿರಿನಲ್ಲಿ ತಿಳಿಯುವವರು ನಾವು. ಫಲಕದಲ್ಲಿ ಪಿಲಿಕುಂಜೆಯೂ ಇರಲಿ, ಪುಲಿಕುನ್ನೂ ಇರಲಿ ಎಂದು ಯಾರ ಮೇಲೂ ಸಿಟ್ಟಿಲ್ಲದೆ ಕೇಳಬಲ್ಲವರು ನಾವೇ.

"ಹೆಸರು ಹೊಟ್ಟೆ ತುಂಬಿಸುತ್ತದಾ?" ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ನನ್ನ ಉತ್ತರ ಇಷ್ಟು: ಪಳ್ಳ ಎಂದರೆ ನೀರು ನಿಲ್ಲುವ ತಗ್ಗು. ಕುದ್ರು ಎಂದರೆ ನದಿ ನಡುವಿನ ನೆಲ. ಬೈಲು ಎಂದರೆ ತಗ್ಗಿನ ಗದ್ದೆ. ಗಲ್ಫಿನಲ್ಲಿ ದುಡಿದ ಹಣದಲ್ಲಿ ಒಬ್ಬ ಐದು ಸೆಂಟ್ಸ್ ಜಾಗ ಕೊಳ್ಳುವಾಗ ಆ ಜಾಗದ ಹಳೆಯ ಹೆಸರು ಗೊತ್ತಿದ್ದರೆ, ಆಷಾಢದಲ್ಲಿ ನೀರು ಎಲ್ಲಿಗೆ ಬರುತ್ತದೆ ಎಂದು ಎಂಜಿನಿಯರನ್ನು ಕೇಳುವ ಮೊದಲೇ ತಿಳಿಯುತ್ತದೆ. ಪಳ್ಳಕ್ಕೆ ಮಣ್ಣು ತುಂಬಿಸಿ 'ಗ್ರೀನ್ ವ್ಯಾಲಿ' ಎಂದು ಬೋರ್ಡು ಹಾಕಿದರೆ ಮಳೆಗೆ ಆ ಬೋರ್ಡು ಓದಲು ಬರುವುದಿಲ್ಲ.

ವೇಲ್ಸ್‌ನವರು ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. 2016ರಲ್ಲಿ ಕಾನೂನು ಮಾಡಿ, 2017ರಲ್ಲಿ ನಾಡಿನ ಚಾರಿತ್ರಿಕ ಸ್ಥಳನಾಮಗಳ ಪಟ್ಟಿಯನ್ನು ಸಾರ್ವಜನಿಕರ ಮುಂದಿಟ್ಟರು. ಆರಂಭದಲ್ಲೇ ಮೂರೂವರೆ ಲಕ್ಷದಷ್ಟು ಹೆಸರುಗಳಿದ್ದವು. ಹೊಲ, ಮನೆ, ತೋಟದ ಹೆಸರುಗಳೂ ಅದರಲ್ಲಿವೆ. ಪಟ್ಟಿ ಇದೆ ಎಂದ ಮಾತ್ರಕ್ಕೆ ಹೆಸರು ಬದಲಿಸುವುದು ಪೂರ್ತಿ ನಿಲ್ಲುವುದಿಲ್ಲ. ಆದರೆ ಬದಲಿಸುವವನು ತಾನು ಏನನ್ನು ಅಳಿಸುತ್ತಿದ್ದೇನೆ ಎಂದು ತಿಳಿದೇ ಅಳಿಸಬೇಕಾಗುತ್ತದೆ.

ನಮ್ಮಲ್ಲಿ ಅಂಥ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಬ್ಯಾರಿ ಮಾತಿಗೆ ಕನ್ನಡ ಲಿಪಿ ಇದೆ, ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದಾರೆ, ಕಿಸೆಯಲ್ಲಿ ಮೊಬೈಲಿದೆ. ಅವರ ಹತ್ತಿರ ಕೂತು ಮನೆಯ ಸುತ್ತಲಿನ ತೋಡು, ಕಟ್ಟ, ಗುಡ್ಡೆ, ಮಜಲು, ಕಡವು ಇವುಗಳ ಹೆಸರನ್ನು ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ. ಬ್ಯಾರಿಯಲ್ಲಿ ಒಂದು, ತುಳುವಿನಲ್ಲಿ ಒಂದು ಇದ್ದರೆ ಎರಡನ್ನೂ ಬರೆಯಿರಿ. ಯಾರೂ ತಿದ್ದಬಹುದಾದ ಓಪನ್ ಸ್ಟ್ರೀಟ್ ಮ್ಯಾಪ್‌ನಲ್ಲಿ ಒಂದೇ ಜಾಗಕ್ಕೆ ಹಲವು ಭಾಷೆಯ ಹೆಸರು ಹಾಕಲು ಅವಕಾಶವಿದೆ; ಓದುವ ಮಕ್ಕಳಿಗೆ ಆ ಕೆಲಸ ಕೊಡಿ. ಗ್ರಾಮಸಭೆಯಲ್ಲಿ ಹೊಸ ಫಲಕದ ಮಾತು ಬಂದಾಗ ಎರಡೂ ಹೆಸರು ಬೇಕು ಎಂದು ಎದ್ದು ನಿಂತು ಹೇಳಿ. ಮುಂದಿನ ಮದುವೆ ಕಾಗದದಲ್ಲಿ ಮನೆಯ ವಿಳಾಸಕ್ಕೆ ಹಳೆಯ ಹೆಸರನ್ನೇ ಅಚ್ಚು ಹಾಕಿಸಿ. ಅದಕ್ಕೆ ಪ್ರೆಸ್ಸಿನವರು ಹೆಚ್ಚು ದುಡ್ಡು ಕೇಳುವುದಿಲ್ಲ.