ಹಳೆಯ ಗಾಡಿ: ಒಬ್ಬನಿಗೆ ಬಿರುದು, ಇನ್ನೊಬ್ಬನಿಗೆ ದಂಡ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ. ಈ ಸೀಮೆಯ ಗಾಡಿಗಳಿಗೆ ಸರ್ಕಾರ ಕೊಟ್ಟಿರುವ ಗುರುತು ಕೆ.ಎ. 45, ಕಛೇರಿ ಇರುವುದು ಹುಣಸೂರಿನಲ್ಲಿ. ಆದರೆ ಈ ಗುರುತು ಹುಟ್ಟುವುದಕ್ಕೆ ಮುಂಚೆಯೇ ಹುಟ್ಟಿದ ಮೋಟಾರು ಸೈಕಲ್ಲುಗಳು ನಮ್ಮ ರಸ್ತೆಗಳಲ್ಲಿ ಇನ್ನೂ ದುಡಿಯುತ್ತಿವೆ. ಕೆ.ಆರ್. ನಗರದ ಅಕ್ಕಿ ಗಿರಣಿಗಳಲ್ಲಿ ಪಾಳಿ ಬಿಡುವ ಹೊತ್ತಿಗೆ ಬಾಗಿಲ ಬಳಿ ನಿಂತು ನೋಡಿರಿ. ಹೊಗೆಸೊಪ್ಪಿನ ಕಾಲದಲ್ಲಿ ಕಟ್ಟೆಮಳಲವಾಡಿ, ಕಂಪಲಾಪುರದ ಹರಾಜು ಮಾರುಕಟ್ಟೆಗಳ ಹೊರಗೆ ನೋಡಿರಿ. ಯೆಜ್ಡಿ, ರಾಜದೂತ್, ಚೇತಕ್ ಸ್ಕೂಟರು, ಎರಡು ಕಡೆ ಹಾಲಿನ ಕ್ಯಾನು ನೇತುಹಾಕಿಕೊಂಡ ಟಿ.ವಿ.ಎಸ್. ಇವುಗಳನ್ನು ಯಾರೂ ಶೋಕಿಗೆಂದು ಇಟ್ಟುಕೊಂಡಿಲ್ಲ. ಹೊಸ ಗಾಡಿ ಲಕ್ಷದ ಹತ್ತಿರ ಹೋಗಿದೆ; ಆದ್ದರಿಂದ ಅಪ್ಪ ಕೊಂಡ ಗಾಡಿಯನ್ನು ಮಗ ಓಡಿಸುತ್ತಿದ್ದಾನೆ.

ಈ ಗಾಡಿಗಳ ಮಾಲೀಕರು ನಮ್ಮ ಬಳಿ ಬಂದು ಹೇಳಿಕೊಳ್ಳುವುದು ಎರಡು ಕಷ್ಟ. ಒಂದು, ನೋಂದಣಿ ನವೀಕರಣದ ಖರ್ಚು. ಇನ್ನೊಂದು, ರಸ್ತೆಯಲ್ಲಿ ಅಡ್ಡಹಾಕುವ ಪೋಲೀಸರು. ಎರಡೂ ಬೇರೆ ಬೇರೆಯಂತೆ ಕಂಡರೂ ಬೇರು ಒಂದೇ.

ಮೊದಲು ಗಾಡಿಯ ಹುಟ್ಟನ್ನು ನೆನೆಯೋಣ. ಜಾವಾ, ಯೆಜ್ಡಿ ತಯಾರಾದದ್ದು ನಮ್ಮ ಜಿಲ್ಲೆಯಲ್ಲೇ, ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. 1961ರಲ್ಲಿ ಆಗಿನ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದರು. 1973ರಿಂದ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು, ಕೆಲಸಗಾರರು ಬೀದಿಗೆ ಬಿದ್ದರು. ಜಾವಾ ಹೆಸರಿನ ಹೊಸ ಗಾಡಿ 2018ರ ನವೆಂಬರಿನಲ್ಲೂ ಯೆಜ್ಡಿ ಹೆಸರಿನದು 2022ರ ಜನವರಿಯಲ್ಲೂ ಮತ್ತೆ ಮಾರುಕಟ್ಟೆಗೆ ಬಂದುವು. ಆದರೆ ಅವು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹೆಸರಿಗೆ ಬೆಲೆ ಸಿಕ್ಕಿತು, ಯಾದವಗಿರಿಯ ಕೈಗಳಿಗೆ ಸಿಗಲಿಲ್ಲ. ಆ ಕೈಗಳು ಮಾಡಿಟ್ಟ ಗಾಡಿಗಳು ಮಾತ್ರ ಇನ್ನೂ ಕೋಟೆಯ ಕಾಡಂಚಿನ ದಾರಿಗಳಲ್ಲಿ ಓಡುತ್ತಿವೆ.

ಈಗ ಕಾನೂನಿಗೆ ಬರೋಣ. ಕೇಂದ್ರ ಸರ್ಕಾರ 2021ರ ಜುಲೈ ತಿಂಗಳಲ್ಲಿ ‘ವಿಂಟೇಜ್’ ಗಾಡಿಗಳಿಗೆಂದೇ ನಿಯಮ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲರೂಪ ಕೆಟ್ಟಿರಬಾರದು. ಹಳೆಯ ನಂಬರು ಇದ್ದರೆ ಅದನ್ನೇ ಉಳಿಸಿಕೊಳ್ಳಬಹುದು; ಹೊಸದಾಗಿ ನೋಂದಾಯಿಸಿದರೆ ರಾಜ್ಯದ ಅಕ್ಷರಗಳ ಮುಂದೆ ‘ವಿ.ಎ.’ ಎಂಬ ವಿಶೇಷ ಗುರುತು ಬರುತ್ತದೆ. ಶುಲ್ಕ 20,000 ರೂಪಾಯಿ, ಊರ್ಜಿತ ಹತ್ತು ವರ್ಷ, ಆಮೇಲೆ ಮರುನೋಂದಣಿಗೆ 5,000. ಅರವತ್ತು ದಿನಗಳೊಳಗೆ ಪ್ರಮಾಣಪತ್ರ ಕೊಡಬೇಕೆಂದು ಅಧಿಕಾರಿಗಳಿಗೆ ಗಡುವನ್ನೂ ಹಾಕಿದ್ದಾರೆ. ಇಂಥ ಗಾಡಿಯನ್ನು ಪ್ರದರ್ಶನಕ್ಕೆ, ಮೆರವಣಿಗೆಗೆ, ಸಂಶೋಧನೆಗೆ, ಪೆಟ್ರೋಲು ತುಂಬಿಸುವುದಕ್ಕೆ, ರಿಪೇರಿಗೆ ರಸ್ತೆಗಿಳಿಸಬಹುದು. ದಿನನಿತ್ಯದ ಓಡಾಟಕ್ಕಾಗಲಿ ವ್ಯಾಪಾರಕ್ಕಾಗಲಿ ಇಳಿಸುವಂತಿಲ್ಲ.

ಅಂದರೆ ಹಳೆಯ ಗಾಡಿಗೆ ಬಿರುದು ಬೇಕಾದರೆ ಅದು ದುಡಿಯುವುದನ್ನು ಬಿಡಬೇಕು! ಶೆಡ್ಡಿನಲ್ಲಿ ಒರೆಸಿಟ್ಟು ವರ್ಷಕ್ಕೊಮ್ಮೆ ತೆಗೆಯುವವನಿಗೆ ಇದು ಸರಿ. ಅಂಥವರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಹಳೆಯ ಕೆಲಸಗಾರಿಕೆಯನ್ನು ಕಾಪಾಡುವವರು ಇರಲಿ. ಆದರೆ ತರಕಾರಿ ಮೂಟೆಯನ್ನು ಸಂತೆಗೆ ಹೇರುವವನಿಗೆ ಈ ನಿಯಮದಿಂದ ಬಂದದ್ದೇನು? ಮೇಲಾಗಿ 50 ವರ್ಷದ ಲೆಕ್ಕ ಹಿಡಿದರೆ 2028ರವರೆಗೆ ಒಂದೇ ಒಂದು ರೋಡ್‌ಕಿಂಗೂ ಈ ಬಿರುದಿಗೆ ಅರ್ಹವಲ್ಲ.

ದುಡಿಯುವ ಹಳೆಯ ಗಾಡಿಗೆ ಇರುವ ಕಾನೂನು ಬೇರೆ. ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಹದಿನೈದು ವರ್ಷವಾದ ಗಾಡಿಯನ್ನು ಓಡಿಸಲೇಬಾರದು ಎಂದು ಹಳ್ಳಿಗಳಲ್ಲಿ ಒಂದು ಗಾಳಿಮಾತು ಹಬ್ಬಿದೆ. ದೆಹಲಿಯ ಸುದ್ದಿ ಕೇಳಿ ಹುಟ್ಟಿದ ಭಯ ಅದು. ಕರ್ನಾಟಕದಲ್ಲಿ ಅಂಥ ನಿಷೇಧವಿಲ್ಲ; ತಪಾಸಣೆಯಲ್ಲಿ ಪಾಸಾಗಿ, ಹಸಿರು ತೆರಿಗೆ ಕಟ್ಟಿ, ನವೀಕರಿಸಿಕೊಂಡರೆ ಓಡಿಸಬಹುದು. ಈ ಮಾತನ್ನು ಮುಂದಿಟ್ಟುಕೊಂಡು ಮೂರು ಕಾಸಿಗೆ ಗಾಡಿ ಕಿತ್ತುಕೊಳ್ಳುವ ಗುಜರಿಯವರಿಂದ ದೂರ ಇರಿ.

ಆದರೆ ನವೀಕರಣದ ಶುಲ್ಕ ನೋಡಿರಿ. ಮೋಟಾರು ಸೈಕಲ್ಲಿಗೆ ಮೊದಲು 300 ರೂಪಾಯಿ ಇತ್ತು. 2022ರ ಏಪ್ರಿಲ್ 1ರಿಂದ 1,000 ಆಯಿತು. 2025ರ ಆಗಸ್ಟಿನಲ್ಲಿ ಮತ್ತೊಂದು ಅಧಿಸೂಚನೆ ಹೊರಟು, 20 ವರ್ಷ ದಾಟಿದ ಗಾಡಿಗೆ 2,000 ಆಯಿತು. ತಡಮಾಡಿದರೆ ತಿಂಗಳಿಗೆ 300 ರೂಪಾಯಿ ಹೆಚ್ಚುವರಿ ಎಂಬುದು 2022ರ ದರಪಟ್ಟಿಯಲ್ಲೇ ಬಂತು. ಕರಿಹಲಗೆಯ ಮೇಲೆ ಬರೆದಂತೆ ಲೆಕ್ಕ ಹಾಕೋಣ. ಒಬ್ಬ ಹಮಾಲಿ ತಿಳಿಯದೆಯೋ ಕೈಲಾಗದೆಯೋ ಮೂರು ವರ್ಷ ಬಿಟ್ಟನೆನ್ನಿ. 36 ತಿಂಗಳಿಗೆ 300ರಂತೆ 10,800. ಅದಕ್ಕೆ 2,000 ಸೇರಿಸಿದರೆ 12,800 ರೂಪಾಯಿ. ಹಸಿರು ತೆರಿಗೆ, ಒಂದು ದಿನದ ಕೂಲಿ, ಹುಣಸೂರಿಗೆ ಹೋಗಿಬರುವ ಖರ್ಚು, ದಲ್ಲಾಳಿಯ ಕೈಬಿಸಿ ಇದರಲ್ಲಿ ಸೇರಿಲ್ಲ. ಹಳೆಯ ಟಿ.ವಿ.ಎಸ್. ಗಾಡಿಯನ್ನೇ ಮಾರಿದರೂ ಇಷ್ಟು ದುಡ್ಡು ಹುಟ್ಟುತ್ತದೆಯೆ? ಆತ ಏನು ಮಾಡುತ್ತಾನೆ? ನವೀಕರಣ ಬಿಡುತ್ತಾನೆ, ಪೋಲೀಸರಿಲ್ಲದ ಅಡ್ಡದಾರಿ ಹಿಡಿಯುತ್ತಾನೆ. ಪ್ರತಿ ತಿಂಗಳೂ ಬಾಕಿ ಬೆಳೆಯುತ್ತದೆ. ಬಡವನನ್ನು ಕಾನೂನಿನ ಒಳಗೆ ತರಬೇಕಾದ ಶುಲ್ಕ ಅವನನ್ನು ಹೊರಕ್ಕೆ ನೂಕುತ್ತಿದೆ.

ಗುಜರಿಗೆ ಹಾಕಿ ಹೊಸದು ಕೊಂಡರೆ ತೆರಿಗೆಯಲ್ಲಿ ರಿಯಾಯಿತಿ ಇದೆಯಲ್ಲ ಎಂದು ಮೇಲಿನವರು ಹೇಳುತ್ತಾರೆ. ಹೊಸದು ಕೊಳ್ಳುವ ಶಕ್ತಿ ಇದ್ದವನಿಗಲ್ಲವೆ ಆ ರಿಯಾಯಿತಿ!

ವಿಮೆಯಲ್ಲೂ ಇದೇ ಕಥೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ ವಿಂಟೇಜ್ ಎಂದು ನೋಂದಣಿಯಾದ ಖಾಸಗಿ ಕಾರಿಗೆ ಮೂರನೆಯವರ ವಿಮೆಯ ಕಂತು ಅರ್ಧಕ್ಕರ್ಧ ಕಡಿಮೆ. 250 ಸಿ.ಸಿ.ಯ ಯೆಜ್ಡಿಗೆ ಅದೇ ಪಟ್ಟಿಯಲ್ಲಿ ವರ್ಷಕ್ಕೆ 1,366 ರೂಪಾಯಿ, ಮೇಲೆ ತೆರಿಗೆ. ಅಪರೂಪಕ್ಕೆ ರಸ್ತೆಗಿಳಿಯುವ ಕಾರಿನಿಂದ ಅಪಾಯ ಕಡಿಮೆ ಎಂಬ ವಾದ ಇರಬಹುದು, ಒಪ್ಪೋಣ. ಆದರೆ ಹಳೆಯದು ಎಂಬ ಒಂದೇ ಮಾತು ಒಂದು ಕಡೆ ರಿಯಾಯಿತಿಗೂ ಇನ್ನೊಂದು ಕಡೆ ದುಪ್ಪಟ್ಟು ಶುಲ್ಕಕ್ಕೂ ಕಾರಣವಾಗುವುದನ್ನು ಗಮನಿಸಬೇಕು.

ಕಾಗದದ ತೊಡಕು ಇನ್ನೂ ದೊಡ್ಡದು. ಮೊಬೈಲಿನ ಡಿಜಿಲಾಕರಿನಲ್ಲಿ ತೋರಿಸಿದ ಆರ್.ಸಿ., ಲೈಸೆನ್ಸು ಮೂಲಪ್ರತಿಗೆ ಸಮ ಎಂದು ನಿಯಮ ಇದೆ. ಆದರೆ ಕೈಬರಹದ ಹಳೆಯ ಆರ್.ಸಿ. ಪುಸ್ತಕ ಎಷ್ಟೋ ಕಡೆ ಕಂಪ್ಯೂಟರಿಗೆ ಏರಿಯೇ ಇಲ್ಲ. ಏರದಿದ್ದರೆ ಮೊಬೈಲಿನಲ್ಲಿ ಕಾಣುವುದಿಲ್ಲ, ಆನ್‌ಲೈನಿನಲ್ಲಿ ನವೀಕರಣದ ಅರ್ಜಿ ಮುಂದೆ ಸಾಗುವುದಿಲ್ಲ. ಮೊದಲು ಆರ್.ಟಿ.ಓ. ಕಛೇರಿಗೆ ಪುಸ್ತಕ ಒಯ್ದು ‘ಬ್ಯಾಕ್‌ಲಾಗ್’ ದಾಖಲೆ ಮಾಡಿಸಬೇಕು. ಎಚ್.ಎಸ್.ಆರ್.ಪಿ. ನಂಬರು ಫಲಕದ ಗೋಜಲನ್ನೂ ಇಲ್ಲೇ ಹೇಳಬೇಕು. 2019ರ ಏಪ್ರಿಲ್ 1ಕ್ಕೆ ಮುಂಚಿನ ಗಾಡಿಗಳೆಲ್ಲಕ್ಕೂ ಅದು ಕಡ್ಡಾಯವೆಂದು 2023ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ಆಜ್ಞೆ ಮಾಡಿತು. ಮೊದಲ ಗಡುವು ಆ ವರ್ಷದ ನವೆಂಬರ್ 17. ಆಮೇಲೆ ಗಡುವು ಸಂತೆಯ ಸಾಲದಂತೆ ಮುಂದಕ್ಕೆ ಹೋಗುತ್ತಲೇ ಇತ್ತು. ಎಂ.ವೈ. ಎಂದು ಶುರುವಾಗುವ ಮೈಸೂರು ರಾಜ್ಯದ ಕಾಲದ ಫಲಕ ಇಟ್ಟುಕೊಂಡವನಿಗೆ ಅದನ್ನು ಕಳಚುವ ಮನಸ್ಸಿಲ್ಲ. ಅಭಿಮಾನ ನಮಗೂ ಅರ್ಥವಾಗುತ್ತದೆ. ಆದರೆ ಕಳ್ಳತನ ತಡೆಯುವ ಫಲಕವನ್ನು ವಿರೋಧಿಸುವುದರಲ್ಲಿ ಹುರುಳಿಲ್ಲ. ನಂಬರು ಅದೇ ಉಳಿಯುತ್ತದೆ, ಹಳೆಯ ತಗಡನ್ನು ಮನೆಯ ಗೋಡೆಗೆ ತೂಗುಹಾಕಿಕೊಳ್ಳಲಿ.

ಇನ್ನು ರಸ್ತೆಯ ತಪಾಸಣೆ. ಮೈಸೂರು–ಬಂಟ್ವಾಳ ಹೆದ್ದಾರಿಯಲ್ಲಿ ಹೋಗುವ ಹತ್ತು ಗಾಡಿಗಳಲ್ಲಿ ಹೊಗೆ ಬಿಡುವ ಹಳೆಯ ಯೆಜ್ಡಿಯೇ ಮೊದಲು ಕಣ್ಣಿಗೆ ಬೀಳುತ್ತದೆ. ಸವಾರನ ಕೈಯಲ್ಲಿ ನವೀಕರಣವಾಗದ ಪುಸ್ತಕ. 1988ರ ಮೋಟಾರು ವಾಹನ ಕಾಯ್ದೆಯ 207ನೇ ಕಲಮಿನಂತೆ ಗಾಡಿಯನ್ನೇ ತಡೆದಿಡಬಹುದು. 192ನೇ ಕಲಮು ಮೊದಲ ತಪ್ಪಿಗೆ 2,000ದಿಂದ 5,000 ರೂಪಾಯಿವರೆಗೆ ದಂಡ ಹೇಳುತ್ತದೆ. ಇಂಥ ಭಯವನ್ನು ಹೊತ್ತವನು ದೂರದಲ್ಲಿ ಖಾಕಿ ಕಂಡೊಡನೆ ಏನು ಮಾಡುತ್ತಾನೆ? ತಟ್ಟನೆ ತಿರುಗಿಸುತ್ತಾನೆ, ಇಲ್ಲವೆ ಗಾಡಿ ಓಡಿಸುತ್ತಾನೆ. ಪೋಲೀಸರು ಅಡ್ಡ ನುಗ್ಗುತ್ತಾರೆ. ಜೀವ ಹೋಗುವುದು ಇಲ್ಲೇ.

2021ರ ಮಾರ್ಚಿನಲ್ಲಿ ಮೈಸೂರಿನ ರಿಂಗ್ ರಸ್ತೆಯಲ್ಲಿ ತಪಾಸಣೆಯ ಹೊತ್ತಿನಲ್ಲಿ ಬೈಕ್ ಸವಾರನೊಬ್ಬ ಲಾರಿಗೆ ಸಿಕ್ಕು ಸತ್ತ. ಜನ ರೊಚ್ಚಿಗೆದ್ದು ಪೋಲೀಸರ ಮೇಲೆ ಕೈಮಾಡಿದರು. 2025ರ ಮೇ 26ರಂದು ಮಂಡ್ಯದಲ್ಲಿ ನಡೆದದ್ದು ಇನ್ನೂ ಘೋರ. ನಾಯಿ ಕಚ್ಚಿದ ಮಗುವನ್ನು ತಂದೆತಾಯಿ ಬೈಕಿನಲ್ಲಿ ಆಸ್ಪತ್ರೆಗೆ ಒಯ್ಯುತ್ತಿದ್ದರು. ಹೆಲ್ಮೆಟ್ ತಪಾಸಣೆಗೆ ತಡೆದಾಗ ಬೈಕು ಉರುಳಿತು, ಮಗುವಿನ ಮೇಲೆ ಲಾರಿ ಹರಿಯಿತು. ಮೂವರು ಎ.ಎಸ್.ಐ.ಗಳು ಅಮಾನತಾದರು. ಆ ಬಳಿಕ ರಾಜ್ಯದ ಪೋಲೀಸ್ ಮುಖ್ಯಸ್ಥ ಎಂ.ಎ. ಸಲೀಂ ಅವರು ಸೂಚನೆ ಹೊರಡಿಸಿದರು: ಕಣ್ಣಿಗೆ ಕಾಣುವ ನಿಯಮಭಂಗವಿಲ್ಲದೆ ಬರಿಯ ದಾಖಲೆ ನೋಡಲು ಗಾಡಿ ನಿಲ್ಲಿಸಬಾರದು, ಗಾಡಿಗೆ ಅಡ್ಡ ನುಗ್ಗಬಾರದು, ಕೀಲಿ ಕಿತ್ತುಕೊಳ್ಳಬಾರದು, ಸವಾರರನ್ನು ಹಿಡಿದೆಳೆಯಬಾರದು, ತಪ್ಪಿಸಿಕೊಂಡವನನ್ನು ಬೆನ್ನಟ್ಟದೆ ನಂಬರು ಗುರುತು ಮಾಡಿಕೊಳ್ಳಬೇಕು. ಮಾತು ಚೆನ್ನಾಗಿದೆ. ಒಂದು ಮಗುವಿನ ಬೆಲೆ ತೆತ್ತು ಪಡೆದ ಸೂಚನೆ ಇದು, ಕಡತದಲ್ಲೇ ಕೂರಬಾರದು. ಪ್ರತಿ ಠಾಣೆಯ ಮುಂದೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಹಾಕಲಿ.

ಕಾನ್‌ಸ್ಟೇಬಲನ ಮೇಲೆ ನಮಗೆ ದ್ವೇಷವಿಲ್ಲ. ಬಿಸಿಲಲ್ಲಿ ನಿಂತವನೂ ಸಂಬಳಗಾರನೇ. ಆದ್ದರಿಂದ ಸವಾರರಿಗೂ ಎರಡು ಮಾತು. ಕೈ ತೋರಿಸಿದರೆ ನಿಲ್ಲಿಸಿರಿ. ಸಮವಸ್ತ್ರದಲ್ಲಿರುವ ಪೋಲೀಸ್ ಅಧಿಕಾರಿ ಕೇಳಿದಾಗ ಲೈಸೆನ್ಸು ತೋರಿಸಬೇಕೆಂದು 130ನೇ ಕಲಮು ಹೇಳುತ್ತದೆ, ವಾದ ಬೇಡ. ಲೈಸೆನ್ಸನ್ನು ವಶಕ್ಕೆ ತೆಗೆದುಕೊಂಡರೆ 206ನೇ ಕಲಮಿನಂತೆ ಸ್ವೀಕೃತಿ ಚೀಟಿ ಕೇಳಿರಿ. ಸ್ಥಳದಲ್ಲೇ ದಂಡ ಕಟ್ಟಿಸಿಕೊಳ್ಳುವ ಅಧಿಕಾರ ಸರ್ಕಾರ ಅಧಿಸೂಚನೆಯಿಂದ ಗೊತ್ತುಮಾಡಿದ ಅಧಿಕಾರಿಗೆ ಮಾತ್ರ ಇದೆ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಹೆಲ್ಮೆಟಿನ ವಿಷಯದಲ್ಲಿ ನಾವು ಯಾರ ಪರವೂ ವಾದಿಸುವುದಿಲ್ಲ. 500 ರೂಪಾಯಿ ದಂಡಕ್ಕೆ ಹೆದರಿ ಅಲ್ಲ, ಹೆಂಡತಿ ಮಕ್ಕಳ ಮುಖ ನೋಡಿ ಹಾಕಿಕೊಳ್ಳಿರಿ. ಆರು ತಿಂಗಳಿಗೊಮ್ಮೆ ಹೊಗೆ ತಪಾಸಣೆ ಮಾಡಿಸಿರಿ. ಆಯಿಲು ಹೆಚ್ಚು ಬೆರೆಸಿ ಬೀದಿಯೆಲ್ಲ ಹೊಗೆ ತುಂಬಿಸಿಕೊಂಡು ಹೋಗುವವನ ಹಿಂದೆ ಸೈಕಲ್ಲಿನಲ್ಲಿ ಬರುವವನೂ ನಮ್ಮ ಕೂಲಿಕಾರನೇ.

ಸಾರಿಗೆ ಇಲಾಖೆಗೆ ಸಲ್ಲಿಸುವ ಮನವಿಯನ್ನು ನಾವು ಸಿದ್ಧಮಾಡುತ್ತಿದ್ದೇವೆ. ತಿಂಗಳಿಗೆ ಒಂದು ದಿನ ಕೋಟೆ, ಸರಗೂರು, ಪಿರಿಯಾಪಟ್ಟಣ, ಕೆ.ಆರ್. ನಗರಗಳಲ್ಲಿ ನವೀಕರಣದ ಶಿಬಿರ ನಡೆಸಬೇಕು. ಕೈಬರಹದ ಪುಸ್ತಕಗಳನ್ನು ಅಲ್ಲೇ ಕಂಪ್ಯೂಟರಿಗೆ ಏರಿಸಬೇಕು. ತಡಮಾಡಿದವರ ಹೆಚ್ಚುವರಿ ಶುಲ್ಕವನ್ನು ಒಂದು ಬಾರಿ ಮನ್ನಾ ಮಾಡುವಂತೆಯೂ, ದುಡಿಮೆಗೆ ಬಳಸುವ ದ್ವಿಚಕ್ರಗಳಿಗೆ 2,000ದ ದರವನ್ನು ಹಿಂದಕ್ಕೆ ಪಡೆಯುವಂತೆಯೂ ಕೇಂದ್ರಕ್ಕೆ ರಾಜ್ಯ ಸರ್ಕಾರ ಬರೆಯಬೇಕು. ಮನವಿಗೆ ಲೆಕ್ಕ ಬೇಕು, ಬರಿಯ ಕೂಗು ಸಾಲದು. ನೋಂದಣಿ ತೀರಿದ ಗಾಡಿ ಇರುವವರು ಆರ್.ಸಿ. ಪುಸ್ತಕದ ಮೊದಲ ಪುಟದ ನಕಲು, ನೋಂದಣಿ ತೀರಿದ ತಾರೀಖು, ಗಾಡಿಯಿಂದ ಮಾಡುವ ಕೆಲಸ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ನಮ್ಮ ಕಛೇರಿಗೆ ತಂದುಕೊಡಿರಿ. ಬರೆಯಲು ಬಾರದವರು ಪುಸ್ತಕವನ್ನೇ ತನ್ನಿರಿ, ನಾವು ಬರೆದುಕೊಳ್ಳುತ್ತೇವೆ.